ಕಲ್ಲಿನ ಆ ತುದಿ

"ಬಳಿ ಏರವಲ್ಲವು, ಇನ್ನಷ್ಟು ಎಣ್ಣಿ ಸವರ್ರಿ," ಎಂದಳು ನೆರೆಮನೆಯ ಚನ್ನವ್ವ.

ದುಂಡವ್ವನ ಮುಂಗೈ ಆಗಲೇ ಸೆಟೆದಿತ್ತು. ಸೊಸೆ ಯಲ್ಲಕ್ಕ ಅತ್ತೆಯ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದಳು. ಚನ್ನವ್ವ ಒಂದೊಂದೇ ಹಸಿರು ಬಳೆಯನ್ನು ಹಗುರಕ್ಕೆ ತಿರುವುತ್ತ ಏರಿಸಿದಳು. ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಖಕ್ಕೆ ಅರಿಶಿನ, ಹಣೆಯ ತುಂಬ ಕುಂಕುಮ, ಮೈಮೇಲೆ ಬೆಳಿಗ್ಗೆ ಗೋಕಾಕದಿಂದ ತಂದ ಹೊಸ ಸೀರೆ.

ಬಾಗಿಲ ಚೌಕಟ್ಟಿಗೆ ಆತು ನಿಂತು ಸತ್ತೆವ್ವ ಇದನ್ನೆಲ್ಲ ನೋಡುತ್ತಿದ್ದಳು. ಸತ್ತವಳ ನೆಗೆಣ್ಣಿ ಅವಳು, ದುಂಡವ್ವನ ಗಂಡನ ಅಣ್ಣನ ಹೆಂಡತಿ. ಅವಳ ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಹೀಗಾಗಿ ಮುತ್ತೈದೆಯ ಹೆಣ ಸಿಂಗರಿಸಲು ಅವಳನ್ನು ಯಾರೂ ಕರೆಯಲಿಲ್ಲ. ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಗಂಡ ಹೊರಗೆ ಕಟ್ಟೆಯ ಮೇಲೆ ಕೂತಿರುವಾಗಲೇ ಕೈತುಂಬ ಬಳೆ ತೊಟ್ಟು ಹೊರಟಿದ್ದಾಳೆ, ನೋಡು. ಬದುಕಿದ್ದಾಗ ಗೆದ್ದದ್ದು ಸಾಲದೇನೋ, ಸತ್ತೂ ಗೆದ್ದಳು.

"ಎಷ್ಟ ಸಮಾಧಾನದ ಮಾರಿ," ಎಂದು ಚನ್ನವ್ವ ಕಣ್ಣೊರೆಸಿಕೊಂಡಳು. "ಮಲಗಿದಂಗ ಐತಿ."

"ಯಾಕ ಇರಬಾರದು? ಜೀವನಾ ಪೂರ್ತಿ ಕುಂತ ತಗದಾಳ," ಎಂಬ ಮಾತು ಸತ್ತೆವ್ವನ ಬಾಯಿಂದ ಜಾರಿಬಿಟ್ಟಿತು.

ಯಲ್ಲಕ್ಕ ತಲೆಯೆತ್ತಿ ನೋಡಿದಳು.

*

ಆ ಕೂರುವುದು ಶುರುವಾದದ್ದು ದೊಡ್ಡ ಜ್ವರದ ವರ್ಷ. ಅವರೂರು ಧುಪದಾಳದಲ್ಲಿ ಹೆಣ ಹೊರುವವರೇ ಹೆಣವಾಗುತ್ತಿದ್ದ ದಿನಗಳು. ಒಂದೇ ವಾರದಲ್ಲಿ ಸತ್ತೆವ್ವನ ಒಬ್ಬಳೇ ಮಗಳು ಹೋದಳು, ದುಂಡವ್ವನ ಹಿರಿಮಗನೂ ಹೋದ. ದುಂಡವ್ವ ಮಾತು ಬಿಟ್ಟಳು, ಉಣ್ಣುವುದು ಬಿಟ್ಟಳು, ತಲೆಗೂದಲು ಸಿಕ್ಕುಗಟ್ಟಿತು. ಇನ್ನು ಇವಳು ಮನುಷ್ಯಳಾಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟರು. ಒಂದು ಸಂಜೆ ಅವಳಿಗೆ ಅದೇನು ಹೊಳೆಯಿತೋ, ತಾನಾಗಿಯೇ ಎದ್ದು ಮುಖ ತೊಳೆದಳು, ಸಿಕ್ಕು ಬಿಡಿಸಿ ತಲೆ ಬಾಚಿಕೊಂಡಳು, ಎಲೆ ಅಡಿಕೆಯ ಚಂಚಿ ಹಿಡಿದು ಹಿತ್ತಿಲ ಹಾಸುಗಲ್ಲಿನ ಮೇಲೆ ಹೋಗಿ ಕೂತಳು. ಅಲ್ಲಿಂದ ಒಡ್ಡಿನ ಮೇಲಿಂದ ಬೀಳುವ ಹೊಳೆ ಕಾಣುತ್ತದೆ. ನೀರು ಕಪ್ಪಾಗುವ ತನಕ ನೋಡಿ, ಎದ್ದು ಬಂದು ಒಲೆ ಹಚ್ಚಿದಳು. ಮರುದಿನವೂ ಹಾಗೆಯೇ. ಆಮೇಲೆ ಮಳೆ ಬರಲಿ, ಸುಗ್ಗಿ ಬರಲಿ, ಆ ಹೊತ್ತು ತಪ್ಪಲಿಲ್ಲ.

ಸತ್ತೆವ್ವ ಕೂರಲಿಲ್ಲ. ಕೂತರೆ ಮಗಳು ನೆನಪಾಗುತ್ತಾಳೆಂದು ಬೀಸಿದಳು, ಕುಟ್ಟಿದಳು, ಸಾರಿಸಿದ ನೆಲವನ್ನೇ ಮತ್ತೆ ಸಾರಿಸಿದಳು. ಎರಡು ಮನೆಗೂ ಹಿತ್ತಿಲು ಒಂದೇ, ಹಾಸುಗಲ್ಲೂ ಒಂದೇ. ಸೆಗಣಿ ಬುಟ್ಟಿ ಹೊತ್ತು ಅತ್ತಿತ್ತ ಹಾಯುವಾಗೆಲ್ಲ ಆ ಬಾಚಿದ ತಲೆ ಕಣ್ಣಿಗೆ ಬೀಳುತ್ತಿತ್ತು.

"ಏನ ಮಾಡಾಕತ್ತಿ ಅಲ್ಲಿ?" ಎಂದು ಒಮ್ಮೆ ತಡೆಯಲಾರದೆ ಕೇಳಿದಳು.

"ಏನೂ ಇಲ್ರಿ ಯಕ್ಕಾ. ದಿನಕ್ಕೊಮ್ಮೆ ನನ್ನ ಜೋಡಿ ನಾನ ಕುಂದರ್ತೀನಿ. ಬರ್ರಿ, ಜಾಗಾ ಐತಿ," ಎಂದಳು ದುಂಡವ್ವ.

"ನಿನಗ ನಡೀತೈತವ್ವಾ. ಗಂಡ ತಲಿಮ್ಯಾಲ ಹೊತ್ತಾನ. ನನಗ ಯಾರ ಅದಾರ?"

ದುಂಡವ್ವ ನಕ್ಕಳು. ಆ ನಗುವೇ ಸತ್ತೆವ್ವನ ಎದೆಗೆ ನೆಟ್ಟಿತು. ಕೂಸು ಕಳೆದುಕೊಂಡವಳಿಗೆ ನಗು ಎಲ್ಲಿಂದ ಬರುತ್ತದೆ? ತನಗೇಕೆ ಬರುವುದಿಲ್ಲ? ಮೈದುನ ಹೊಳೆಪ್ಪನೇ ಹೆಂಡತಿಗೆ ಈ ಸಲಿಗೆ ಕೊಟ್ಟು ಮೆರೆಸುತ್ತಿದ್ದಾನೆಂದು ಅವಳು ಖಾತ್ರಿ ಮಾಡಿಕೊಂಡಳು. ತನ್ನ ಗಂಡ ಬದುಕಿದ್ದಷ್ಟು ಕಾಲ ಒಂದು ದಿನವೂ "ಕುಂದರ" ಅಂದವನಲ್ಲ.

ಇದು ಸಾಲದೆಂದು ಎಲೆಯ ಕಾಟ ಬೇರೆ. ಬೆಳಗಾದರೆ ಕಲ್ಲಿನ ಖಾಲಿ ತುದಿಯ ಮೇಲೆ, ಸರಿಯಾಗಿ ಸತ್ತೆವ್ವನ ಬಾಗಿಲ ಕಡೆಗೆ, ಲವಂಗ ಚುಚ್ಚಿ ಮಡಿಸಿದ ಒಂದು ಎಲೆ ಇರುತ್ತಿತ್ತು. ಮಾಟವಲ್ಲದೆ ಇನ್ನೇನು? ತನಗೆ ನಿದ್ದೆ ಹತ್ತದ್ದು ಯಾಕೆ, ಉಂಡದ್ದು ಮೈಗೆ ಹತ್ತದ್ದು ಯಾಕೆ ಎಂಬುದಕ್ಕೆಲ್ಲ ಅವಳಿಗೆ ಉತ್ತರ ಸಿಕ್ಕಿತು. ಹುಕ್ಕೇರಿ ಸಂತೆಗೆ ಹೋಗಿ ನಿಂಬೆಹಣ್ಣು ಮಂತ್ರಿಸಿಕೊಂಡು ಬಂದು ಬಾಗಿಲಿಗೆ ಕಟ್ಟಿದಳು. ಆಚೆ ಮನೆಯವರು ಏಳುವ ಮೊದಲೇ ಎಲೆಯನ್ನು ಕೈಯಿಂದ ಮುಟ್ಟದೆ ಕಸಬರಿಗೆಯಿಂದ ತಿಪ್ಪೆಗೆ ತಳ್ಳಿ, ಕಲ್ಲಿನ ಆ ತುದಿಯನ್ನು ತಿಕ್ಕಿ ತೊಳೆದಳು. ಮರುದಿನ ಮತ್ತೊಂದು ಎಲೆ. ಬೆರಳಿಗೆ ಉಳಿದ ಸುಣ್ಣವನ್ನು ಕಲ್ಲಿಗೆ ಒರೆಸುವುದು ದುಂಡವ್ವನ ಚಾಳಿ. ಅವಳ ತುದಿಯ ತುಂಬ ಬಿಳಿ ಗೀಟುಗಳು. ಅವನ್ನೂ ಸತ್ತೆವ್ವ ತಿಕ್ಕಿ ನೋಡಿದಳು, ಹೋಗಲಿಲ್ಲ.

"ಈ ಲಿಂಬಿಹಣ್ಣ ಯಾರ ಕಣ್ಣಿಗ್ರಿ ಯಕ್ಕಾ?" ಎಂದು ದುಂಡವ್ವ ಕೇಳಿದಳು.

"ಬಾಜೂದವರ ಕಣ್ಣಿಗಿ."

"ಹಂಗಾರ ಹೊಸಾದ ಕಟ್ರಿ. ಇದು ಒಣಗೇತಿ," ಎಂದು ಅವಳು ಮತ್ತೆ ನಕ್ಕಳು.

*

"ಹೊತ್ತಾತು. ಆಕಿ ಜೋಡಿ ಏನ ಇಡೂದೈತಿ ತರ್ರಿ," ಎಂದು ಹೊರಗಿನಿಂದ ಕೂಗಿದ ಮನೆತನದ ಹಿರಿಯ ಮಾಯಪ್ಪ. ಸತ್ತವರಿಗೆ ಪ್ರೀತಿಯಾದದ್ದನ್ನು ಕುಣಿಯಲ್ಲಿ ಜೊತೆಗಿಟ್ಟು ಮಣ್ಣು ಮುಚ್ಚುವುದು ಅವರಲ್ಲಿ ಪದ್ಧತಿ. "ಹೊಳೆಪ್ಪಾ, ನಿನ್ನ ಹೇಂತಿಗಿ ಏನ ಸೇರತಿತ್ತು?"

ಹೊಳೆಪ್ಪ ಕಂಬಳಿಯ ಅಂಚು ಹಿಂಡುತ್ತ ಕೂತಿದ್ದ. "ಏನಂತ ಹೇಳ್ಲಿ? ರೊಟ್ಟಿ ಬಡೀತಿದ್ಲು, ನೀಡತಿದ್ಲು. ಆಕಿಗೇನ ಸೇರತಿತ್ತೋ, ನಾ ಕೇಳೇ ಇಲ್ಲ."

ಕಟ್ಟೆಯ ಮೇಲಿದ್ದ ಗಂಡಸರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಎಲಿಚಂಚಿ ಇಡ್ರಿ," ಎಂದಳು ಸತ್ತೆವ್ವ, ನಿಂತಲ್ಲಿಂದಲೇ. "ಮತ್ತ ಕಟಗಿ ಬಾಚಣಿಕಿ. ಅಡಿಕಿ ಸಣ್ಣ ಹೋಳ ಮಾಡ್ರಿ, ಬಲದವಡಿ ನೋಯತಿತ್ತು ಆಕೀದು. ತಂಬಾಕ ಬ್ಯಾಡ, ಬಿಟ್ಟಿದ್ಲು. ಸಂಜೀಕ ಹಿತ್ತಲದಾಗ ಕುಂತ ತಿಂತಿದ್ಲಲ್ಲ."

"ಹಿತ್ತಲದಾಗ ಕುಂದರತಿದ್ಲಾ?" ಹೊಳೆಪ್ಪ ತಲೆಯೆತ್ತಿದ. "ನಾ ಕುರಿ ಹೊಡಕೊಂಡ ಬರೂದ್ರಾಗ ಒಲಿ ಮುಂದ ಇರತಿದ್ಲಲ್ಲ ವೈನಿ."

ಸತ್ತೆವ್ವ ಚೌಕಟ್ಟು ಬಿಟ್ಟು ಮೈದುನನ ಕಡೆ ತಿರುಗಿದಳು. ಇವನಿಗೆ ಗೊತ್ತೇ ಇಲ್ಲ! ಆ ಹೊತ್ತನ್ನು ದುಂಡಿಗೆ ಯಾರೂ ಕೊಟ್ಟಿರಲಿಲ್ಲ, ಅವಳೇ ತೆಗೆದುಕೊಂಡಿದ್ದಳು. ಹಾಗಾದರೆ ಇಷ್ಟು ವರ್ಷ ತಾನು ಯಾರ ಅಪ್ಪಣೆಗೆ ಕಾಯುತ್ತಿದ್ದೆ? ಹೊಟ್ಟೆಕಿಚ್ಚಿಗೆ ಒಂದು ಆಧಾರವಾದರೂ ಇತ್ತು, ಈಗ ಅದೂ ಕುಸಿಯಿತು.

ಯಲ್ಲಕ್ಕ ಚಂಚಿ ತಂದು ಬಿಚ್ಚಿದಳು. ಒಳಗಿದ್ದ ಒಂದು ಮಡಿಸಿದ ಎಲೆಯನ್ನು ಹೊರಗೆ ತೆಗೆದಿಟ್ಟಳು.

"ಅದನ್ಯಾಕ ತಗದಿ? ಅದೂ ಹೋಗಲಿ ಆಕಿ ಜೋಡಿ," ಎಂದಳು ಚನ್ನವ್ವ.

"ಇದು ಅತ್ತೀದಲ್ರಿ, ದೊಡ್ಡತ್ತೀದು." ಯಲ್ಲಕ್ಕ ಸತ್ತೆವ್ವನ ಕಡೆ ತಿರುಗಿದಳು. "ದಿನಾ ತನಗೊಂದ, ನಿಮಗೊಂದ ಮಡಚತಿದ್ಲು. ಅಕ್ಕ ಇವತ್ತ ಬಂದ್ರೂ ಬಂದಾಳು ಅನ್ನಾಕಿ. ನೀವ ಬರಲಿಲ್ಲಂದ್ರ ನಿಮ್ಮ ಕಡೀ ತುದಿಗಿ ಇಟ್ಟ ಏಳತಿದ್ಲು. ಮುಂಜಾನಿ ಇರತಿದ್ದಿಲ್ಲ. ನೋಡ, ಅಕ್ಕ ತಿಂದಾಳ ಅಂತ ಖುಷಿ ಪಡತಿದ್ಲು. ನಿನ್ನಿ ಕಲ್ಲಿನತನಾ ಹೋಗಾಕ ಆಗಲಿಲ್ಲರಿ, ಚಂಚ್ಯಾಗ ಉಳೀತು."

ತಿಪ್ಪೆ ಅಲ್ಲಿಂದಲೇ ಕಾಣುತ್ತಿತ್ತು. ಸತ್ತೆವ್ವ ಆ ಕಡೆ ನೋಡಲಿಲ್ಲ. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಇದರಲ್ಲೂ ಇವಳೇ ಗೆಲ್ಲಬೇಕೆ?

"ನನಗ್ಯಾಕ," ಎಂದಳು. ಕೈ ಮಾತ್ರ ಮುಂದೆ ಚಾಚಿತ್ತು. ಎಲೆಯನ್ನು ಒಯ್ದು ತನ್ನ ಮನೆಯ ಗೋಡೆಯ ಮಾಡದಲ್ಲಿಟ್ಟು ಬಂದಳು.

*

ಹೊಲದಲ್ಲಿ ಮಣ್ಣು ಕೊಟ್ಟು, ಹೊಳೆಯಲ್ಲಿ ಮಿಂದು ಎಲ್ಲರೂ ಮನೆಗೆ ಬರುವಾಗ ಹೊತ್ತು ಇಳಿದಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಬೀಗರು ಬುತ್ತಿ ತಂದಿದ್ದರು.

"ದೊಡ್ಡತ್ತೀ, ಮಂದಿ ಉಣ್ಣಾಕ ಕುಂತೈತಿ. ನೀಡಾಕ ಬರ್ರಿ," ಎಂದು ಯಲ್ಲಕ್ಕ ಕರೆದಳು.

"ತಡಿ, ಬರ್ತೀನಿ."

ಸತ್ತೆವ್ವ ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರಿಗೂ ಆಡದಿದ್ದ ಮಾತು ಅದು. ಒದ್ದೆ ಕೂದಲನ್ನು ಬಾಚಿ ಗಂಟು ಹಾಕಿಕೊಂಡಳು. ಮಾಡದಿಂದ ಎಲೆ ತೆಗೆದುಕೊಂಡು ಹಿತ್ತಿಲಿಗೆ ಬಂದು, ಹಾಸುಗಲ್ಲಿನ ತನ್ನ ಬಾಗಿಲ ಕಡೆಯ ತುದಿಗೆ ಕೂತಳು. ಒಡ್ಡಿನ ಮೇಲೆ ನೀರು ಇನ್ನೂ ಬೆಳ್ಳಗೆ ಬೀಳುತ್ತಿತ್ತು. ಮಗಳು ನೆನಪಾದಳು. ಕೂತೇ ಇದ್ದಳು.

ಲವಂಗ ಕಿತ್ತು ಎಲೆ ಬಿಚ್ಚಿದಳು. ಬಾಡಿತ್ತು. ಸುಣ್ಣ ಮೆತ್ತಿಕೊಂಡಿತ್ತು.

"ಎಷ್ಟ ಸುಣ್ಣ ಹಚ್ಚತೀಯ ದುಂಡೀ," ಎಂದು ಗೊಣಗಿದಳು. ಹೆಚ್ಚಾದದ್ದನ್ನು ಬೆರಳಿನಿಂದ ಬಳಿದು ತೆಗೆದು, ಎಲೆಯನ್ನು ಬಾಯಿಗಿಟ್ಟುಕೊಂಡಳು. ಬೆರಳನ್ನು ಸೆರಗಿಗೆ ಒರೆಸಲು ಹೋದವಳು ತಡೆದಳು. ದಿನ ಬೆಳಗಾದರೆ ತಾನು ತಿಕ್ಕಿ ತಿಕ್ಕಿ ತೊಳೆದಿದ್ದ ಆ ತುದಿಯ ಕಲ್ಲಿಗೆ ಬೆರಳೊತ್ತಿ ಒಂದು ಬಿಳಿ ಗೀಟು ಎಳೆದಳು.