ದೊರೆಯ ಉಗುರುಬೆಚ್ಚಗಿನ ಊಟ

ದೊಡ್ಡಕ್ಕನ ನಾಯಿಗೆ ದೊರೆ ಅಂತ ಹೆಸರು, ಗತ್ತೂ ಹಾಗೇ ಇತ್ತು. ಬೇಯಿಸಿದ್ದನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಹಸಿ ಮಾಂಸವೇ ಆಗಬೇಕು, ಅದೂ ತಣ್ಣಗಿದ್ದರೆ ಮುಖ ತಿರುಗಿಸಿಬಿಡುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದ ದೊಡ್ಡಕ್ಕನಿಗೆ ಈ ನಾಯಿಯ ಎದುರು ಬೇರೆ ಯಾರೂ ಲೆಕ್ಕಕ್ಕಿರಲಿಲ್ಲ.

ಅವಳದು ನಾಯಿಗಳಿಗೆ ಕೂದಲು ಕತ್ತರಿಸಿ ಸ್ನಾನ ಮಾಡಿಸುವ ಅಂಗಡಿ. ಕತ್ತರಿ, ಬಾಚಣಿಗೆ ಎಲ್ಲ ಔಷಧದ ನೀರಿನಲ್ಲಿ ಮುಳುಗಿಸಿಟ್ಟೇ ಬಳಸುವವಳು. ಮನೆಯಲ್ಲಿದ್ದವರು ತಮ್ಮ, ತಮ್ಮನ ಹೆಂಡತಿ, ಅವರ ನಾಲ್ಕು ತಿಂಗಳ ಹೆಣ್ಣು ಮಗು. ತಮ್ಮನ ಹೆಂಡತಿ ಬಾಣಂತನದ ಸುಸ್ತಿನಲ್ಲಿ ಹಾಲಿನ ಬಾಟಲಿಯನ್ನು ಒಮ್ಮೊಮ್ಮೆ ಸಿಂಕಿನಲ್ಲೇ ಬಿಟ್ಟು ಮಲಗುತ್ತಿದ್ದಳು. ಅಷ್ಟಕ್ಕೇ ದೊಡ್ಡಕ್ಕ ಅವಳಿಗೆ ಕೊಳಕಿ ಎಂದು ಹೆಸರಿಟ್ಟಿದ್ದಳು.

ಪಶುವೈದ್ಯ ಮೊದಲೇ ಹೇಳಿದ್ದ. ಫ್ರೀಜರಿನಲ್ಲಿಟ್ಟರೆ ಕ್ರಿಮಿ ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೆ. ನಾಯಿಗೆ ಏನೂ ಆಗದಿದ್ದರೂ ಮನೆಯ ಕೂಸಿಗೆ ಆದೀತು, ಬೇಯಿಸಿಯೇ ಹಾಕಿ ಎಂದು. ತೋಳಕ್ಕೆ ಯಾರು ಒಲೆ ಹಚ್ಚಿಕೊಟ್ಟಿದ್ದರು ಎಂದು ಕೇಳಿ ದೊಡ್ಡಕ್ಕ ಎದ್ದು ಬಂದಳು. ಮರುವಾರವೇ ವೈದ್ಯನನ್ನು ಬದಲಾಯಿಸಿದಳು. ಮನೆಯವರಿಗೆ ಮಾತ್ರ ಬೇಯಿಸಿಯೇ ಹಾಕುತ್ತಿದ್ದೇನೆ ಎಂದು ಹೇಳಿದ್ದಳು.

ಮಗುವಿನ ಹಾಲು ಬೆಚ್ಚಗೆ ಮಾಡಲು ತಮ್ಮನ ಹೆಂಡತಿ ಒಂದು ಪುಟ್ಟ ಯಂತ್ರ ತಂದಿದ್ದಳು. ನೀರು ಹಾಕಿ ಬಾಟಲಿ ಇಟ್ಟರೆ ಹತ್ತು ನಿಮಿಷಕ್ಕೆ ಹಾಲು ಉಗುರುಬೆಚ್ಚಗಾಗುತ್ತಿತ್ತು. ಅದನ್ನು ಕಂಡದ್ದೇ ತಡ, ದೊಡ್ಡಕ್ಕನ ತಲೆ ಓಡಿತು. ಬೆಳಿಗ್ಗೆ ಐದೂವರೆಗೆ, ಮನೆಯವರು ಏಳುವ ಮೊದಲೇ ಎದ್ದು ಕೊಚ್ಚಿದ ಕೋಳಿಯ ಪೊಟ್ಟಣವನ್ನು ಅದರಲ್ಲಿ ಇಳಿಬಿಡುವಳು. ಬೆಚ್ಚಗಾದದ್ದನ್ನು ದೊರೆ ತಟ್ಟೆಯ ಬಣ್ಣ ಹೋಗುವಂತೆ ನೆಕ್ಕಿ ತಿನ್ನುತ್ತಿತ್ತು. ಪೊಟ್ಟಣ ಒಸರಿ ನೀರು ಕೆಂಪಾಗಿದ್ದರೆ ಚೆಲ್ಲಿ, ಬಟ್ಟೆಯಿಂದ ಒರೆಸಿ, ಹೊಸ ನೀರು ಹಾಕಿಡುವಳು. ಆರು ಗಂಟೆಗೆ ಅದೇ ನೀರಿಗೆ ಮಗುವಿನ ಬಾಟಲಿ ಇಳಿಯುತ್ತಿತ್ತು.

ಮೂರನೆಯ ವಾರ ಮಗುವಿಗೆ ಜ್ವರ ಬಂತು. ಭೇದಿಯಲ್ಲಿ ರಕ್ತ ಕಂಡಿತು. ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ ಮಗು ಸೆಟೆದುಕೊಂಡು ಕಣ್ಣು ಮೇಲೆ ಮಾಡಿತು. ಕ್ರಿಮಿ ರಕ್ತಕ್ಕೆ ಇಳಿದು ಮಿದುಳಿನ ಪೊರೆ ಮುಟ್ಟಿದೆ ಎಂದರು. ವೈದ್ಯೆ ಮೂವರನ್ನೂ ಕೂರಿಸಿಕೊಂಡು, ಇದು ಹೆಚ್ಚಾಗಿ ಹಸಿ ಮಾಂಸದಿಂದ ಬರುವಂಥದ್ದು, ಮನೆಯಲ್ಲಿ ಹಸಿ ಕೋಳಿ ಎಲ್ಲಾದರೂ ಹಾಲಿನ ಹತ್ತಿರ ಬರುತ್ತದೆಯೇ ಎಂದು ಕೇಳಿದಳು.

ದೊಡ್ಡಕ್ಕನಿಗೆ ಯಂತ್ರ, ಪೊಟ್ಟಣ, ಕೆಂಪು ನೀರು ಎಲ್ಲ ಒಟ್ಟಿಗೇ ಕಣ್ಣಮುಂದೆ ಬಂದವು. ಹೇಳಿದರೆ ತಮ್ಮ ಅವತ್ತೇ ದೊರೆಯನ್ನು ಹೊರಗಟ್ಟುತ್ತಾನೆ. ಇಷ್ಟು ಮಾತ್ರ ಅವಳು ಯೋಚಿಸಿದ್ದು. ಅಷ್ಟಕ್ಕೆ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

"ನಾಯಿಗೂ ನಾನು ಬೇಯಿಸಿಯೇ ಹಾಕೋದು ಡಾಕ್ಟ್ರೇ," ಎಂದಳು. "ಹಾಲಿನ ಬಾಟಲಿ ಮಾತ್ರ ರಾತ್ರಿಯೆಲ್ಲ ಸಿಂಕಲ್ಲಿ ಬಿದ್ದಿರುತ್ತೆ. ನಾನು ಹೇಳಿ ಹೇಳಿ ಸಾಕಾಗಿದೆ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ತಮ್ಮ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ಇಲ್ಲವೆನ್ನಲಿಲ್ಲ. ಬಾಟಲಿ ಬಿಟ್ಟದ್ದು ನಿಜವೇ ಆಗಿತ್ತಲ್ಲ. ಆಮೇಲಿನ ಇಪ್ಪತ್ತು ದಿನ ಅವನು ಅವಳೊಡನೆ ಮಾತಾಡಲಿಲ್ಲ. ಅವಳು ಆಸ್ಪತ್ರೆಯ ನಲ್ಲಿಯ ಕೆಳಗೆ ಕೈ ಉಜ್ಜಿ ಉಜ್ಜಿ ಬೆರಳ ಸಂದಿಯ ಚರ್ಮ ಕಿತ್ತುಬಂತು. ದೊಡ್ಡಕ್ಕ ಅದನ್ನು ದಿನವೂ ನೋಡಿದಳು. ಪಾಪ ಅನ್ನಿಸಿತು. ಬಾಯಿ ಮಾತ್ರ ತೆರೆಯಲಿಲ್ಲ.

ಮಗು ಉಳಿಯಿತು, ಕಿವಿ ಉಳಿಯಲಿಲ್ಲ. ಮನೆಗೆ ಬಂದ ದಿನ ತಾಯಿ ತೊಟ್ಟಿಲ ಪಕ್ಕ ಕೂತು ಹತ್ತು ಸಲ ಕರೆದಳು. ಮಗು ಗೋಡೆಯ ಕಡೆ ನೋಡುತ್ತಲೇ ಇತ್ತು. ಆಮೇಲೆ ಅವಳು ಮಗುವನ್ನು ಟವೆಲಿನಲ್ಲಿ ಸುತ್ತಿ, ಮೈಗೆ ತಾಗದಂತೆ ಎತ್ತಿಕೊಂಡು ದೊಡ್ಡಕ್ಕನ ಕೋಣೆಗೆ ಬಂದಳು.

"ಅತ್ತಿಗೆ, ನನ್ನ ಕೈ ಒಳ್ಳೇದಲ್ಲ," ಎಂದಳು. "ಇನ್ನು ಮೇಲೆ ಪಾಪುಗೆ ಹಾಲು ನೀವೇ ಕೊಡಿ. ನಾನು ದೂರ ಇರ್ತೀನಿ."

ಕಾಲ ಬಳಿ ಮಲಗಿದ್ದ ದೊರೆಯನ್ನು ದೊಡ್ಡಕ್ಕ ಒಮ್ಮೆ ನೋಡಿದಳು. ಆಮೇಲೆ ಸರಿ ಎಂದು, ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡಳು.