ಹೊಳೆ ಕೆಸರಿನ ವಾಸನೆ

"ಥೂ!"

ಎರಡೇ ಬೆರಳಲ್ಲಿ ಸೀರೆಯ ಅಂಚು ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡೇ ವಿನುತಾ ಅದನ್ನು ಬಕೆಟ್ಟಿಗೆ ಹಾಕಿದಳು. ಇವತ್ತಿಗೆ ಇದು ಮೂರನೆಯದು. ಉಚ್ಚೆಯ ಘಾಟು ಮೂಗಿನಿಂದ ಗಂಟಲಿಗಿಳಿಯಿತು. ಅತ್ತೆ ಗಣಪಿ ಮಂಚದ ಮೇಲೆ ಗೋಡೆ ನೋಡುತ್ತ ಕೂತಿದ್ದಳು.

ಹಗಲೆಲ್ಲ ಇದೇ ಆಯಿತಲ್ಲ! ಮುರ್ಡೇಶ್ವರದ ಲಾಡ್ಜೊಂದರಲ್ಲಿ ವಿನುತಾಳದು ಕೋಣೆ ಚೊಕ್ಕ ಮಾಡುವ ಕೆಲಸ. ದೇವರಿಗೆ ಕೈ ಮುಗಿಯಲು ಬಂದವರು ಬಚ್ಚಲಲ್ಲಿ ಬಿಟ್ಟುಹೋಗುವುದನ್ನು ನೋಡಿದರೆ ಆ ದೇವರೇ ಊರು ಬಿಟ್ಟಾನು. ಬೇಸಿನ್ನಿನಲ್ಲಿ ವಾಂತಿ, ಜಾಲರಿಗೆ ಸುತ್ತಿಕೊಂಡ ಕೂದಲು, ಮಂಚದಡಿ ಹುಳಿತ ಬಿರಿಯಾನಿ. ಅದನ್ನೆಲ್ಲ ಬಳಿದು ಮನೆಗೆ ಬಂದರೆ ಇಲ್ಲಿ ಅತ್ತೆ. ನಲವತ್ತು ವರ್ಷ ಹೊಳೆಯ ಕೆಸರಿನಲ್ಲಿ ನಿಂತು ಬೆಳಚು ಹೆಕ್ಕಿ, ಆ ಚಿಪ್ಪಿಮೀನು ಮಾರಿ ಮಕ್ಕಳನ್ನು ಸಾಕಿದ ಹೆಂಗಸು. ಈಗ ಲಕ್ವ ಹೊಡೆದು ಎಡಗೈ ಎಡಗಾಲು ಸತ್ತಿವೆ. ಮಾತೂ ಅಪರೂಪ.

"ನಂಗೆ ಆಗೂದಿಲ್ಲ ಅಂದ್ರೆ ಆಗೂದಿಲ್ಲ," ವಿನುತಾ ಗಂಡನಿಗೆ ಹೇಳಿದಳು. "ನಾನೂ ಮನಿಷಳೇ ಅಲ್ವ?"

ವಿಶ್ವನಾಥ ಸ್ಟೇಷನ್ನಿನ ಹತ್ತಿರ ರಿಕ್ಷಾ ಓಡಿಸುವವ. ಜಗಳ ಆಡಿ ಆಡಿ ಅವನಿಗೂ ಸಾಕಾಗಿತ್ತು. "ಆತು ಮಾರಾಯ್ತಿ. ಲಕ್ಷ್ಮಕ್ಕಂಗೆ ಹೇಳಿದೆ. ಆಯ್ತಾರ ಬೆಳಿಗ್ಗೆ ಹೊನ್ನಾವರದಿಂದ ಬತ್ತಾಳೆ. ಕುಮಟೆಲಿ ವಯಸ್ಸಾದೋರನ್ನ ನೋಡ್ಕಂಬ ಜಾಗ ಒಂದು ಅದೆಯಂತೆ. ಆಯಿನ ಅಲ್ಲೇ ಬಿಡೂದು."

ಅವಳು ಬೇಡಿದ್ದೇ ಇದು. ಆದರೂ ಅವನು ಹಾಗೆ ಅತ್ತೆಯ ಎದುರಿಗೇ ಹೇಳಿದಾಗ ಅವಳಿಗೆ ಅವನ ಮೇಲೂ ಅಸಹ್ಯ ಹುಟ್ಟಿತು.

ವಿನುತಾಳ ಬಳಿ ಒಂದು ಗುಟ್ಟಿತ್ತು. ಲಾಡ್ಜಿನ ಕೆಲಸ ಶುರುವಾಗುವುದು ಎಂಟಕ್ಕೆ. ಮನೆಯಲ್ಲಿ ಆರೂವರೆಗೆ ಎಂದು ಹೇಳಿದ್ದಳು. ಅತ್ತೆಯನ್ನು ಮೀಯಿಸುವುದು ತಪ್ಪಲಿ ಎಂದು ಹೇಳಿದ ಸುಳ್ಳು. ಪಕ್ಕದ ಮನೆಯ ಕಮಲಿ ಪಾಪ ಎಂದುಕೊಂಡು ಬಂದು ಮುದುಕಿಗೆ ನೀರು ಹಾಕಿ ಹೋಗುತ್ತಿದ್ದಳು. ವಿನುತಾ ಆ ಹೊತ್ತಿಗೆ ಮಾವಳ್ಳಿಯ ಹೊಳೆ ದಂಡೆಯಲ್ಲಿ, ಹೊನ್ನೆ ಮರದ ಬುಡದಲ್ಲಿ ಕೂತಿರುತ್ತಿದ್ದಳು.

ಮೊದಮೊದಲು ಅಲ್ಲಿಯೂ ಹೇಸಿಗೆಯೇ. ಕಡಲಿನ ಇಳಿತದ ಹೊತ್ತಿಗೆ ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕೂರುತ್ತಿದ್ದಳು. ಯಾರೂ ಕರೆಯುವುದಿಲ್ಲ, ಅಷ್ಟು ಸಾಕು. ಕೆಸರ ತುಂಬ ಪುಟ್ಟ ಏಡಿಗಳು. ಬಾಯ್ತುಂಬ ಕೆಸರು ತುರುಕಿಕೊಂಡು, ಬೇಕಾದ್ದನ್ನು ನುಂಗಿ, ಉಳಿದದ್ದನ್ನು ಉಂಡೆ ಕಟ್ಟಿ ಪಕ್ಕಕ್ಕಿಡುತ್ತಿದ್ದವು. ಏನು ಹೊಲಸಪ್ಪಾ, ಎಂದುಕೊಂಡಳು. ಎಂದುಕೊಂಡರೂ ಕಣ್ಣು ಕೀಳಲಾಗಲಿಲ್ಲ. ಮರುದಿನವೂ ನೋಡಿದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಸೆರಗು ಮೂಗಿಗೆ ಹೋಗುವುದು ಯಾವಾಗ ನಿಂತಿತೋ ಅವಳಿಗೇ ತಿಳಿಯದು.

ಮೊನ್ನೆ ಲಾಡ್ಜಿನಲ್ಲಿ ಯಾರದೋ ಮಗು ಹಾಸಿಗೆಯಲ್ಲೇ ಹೇತುಬಿಟ್ಟಿತ್ತು. ಅದರ ತಾಯಿ ಬಾಗಿಲ ಮರೆಯಲ್ಲಿ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಳು. ಬೇರೆ ದಿನವಾಗಿದ್ದರೆ ವಿನುತಾ ಮ್ಯಾನೇಜರನನ್ನು ಕರೆದು ರಂಪ ಮಾಡುತ್ತಿದ್ದಳು. ಅವತ್ತು ಅವಳ ಬಾಯಿಂದ, "ಇರ್ಲಿ ಬಿಡಿ ಅಕ್ಕ, ಮಕ್ಕಳಲ್ವ," ಎಂದು ಬಂತು. ಅವಳಿಗೇ ಆಶ್ಚರ್ಯ. ಆದರೆ ಸಂಜೆ ಮನೆಗೆ ಬಂದು ಅತ್ತೆಯ ಸೀರೆ ಹಿಡಿದಾಗ ಬಂದದ್ದು ಅದೇ 'ಥೂ'. ಊರವರ ಮಗುವಿಗೆ ಬಂದ ಕರುಣೆ ಮನೆಯ ಮುದುಕಿಗೆ ಯಾಕೆ ಬಾರದು ಎಂದು ತನ್ನ ಮೇಲೇ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆಯೂ ಅವಳು ಆರಕ್ಕೇ ಹೊರಬಿದ್ದಳು. ಅತ್ತೆಯನ್ನು ರಿಕ್ಷಾ ಹತ್ತಿಸುವುದು ಕಣ್ಣಿಗೆ ಬೀಳುವುದು ಬೇಡ. ಹೊಳೆಯಿಂದ ನೇರ ಲಾಡ್ಜಿಗೆ ಹೋದರಾಯಿತು. ಅವತ್ತು ಇಳಿತ ಬಹಳ ದೂರ ಹೋಗಿತ್ತು. ಕೆಸರಿನ ಸಣ್ಣ ತೂತೊಂದರಿಂದ ನೀರು ಚಿಳಕ್ಕನೆ ಚಿಮ್ಮಿತು. ಅದರಾಚೆ ಇನ್ನೊಂದು. ವಿನುತಾ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಇಳಿದೇಬಿಟ್ಟಳು. ಮೊಣಕಾಲವರೆಗೆ ಹೂತಿತು. ಬೆಚ್ಚಗೆ, ಲೋಳೆಲೋಳೆ. ಕಾಲ್ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು, ಕಾಲಿನಿಂದಲೇ ಮೀಟಿದಳು. ಬೆಳಚು! ಇನ್ನೊಂದಕ್ಕೆಂದು ಹೆಜ್ಜೆ ಇಟ್ಟಳು ನೋಡಿ, ಕಲ್ಲಿಗಂಟಿದ ಚಿಪ್ಪಿನ ಅಲಗು ಹಿಮ್ಮಡಿಯನ್ನು ಚರ್ರನೆ ಸೀಳಿತು.

ರಕ್ತ ಸುರಿಸಿಕೊಂಡು, ಮೊಣಕಾಲವರೆಗೆ ಕೆಸರು ಬಳಿದುಕೊಂಡು ಲಾಡ್ಜಿಗೆ ಹೋಗುವುದುಂಟೆ? ಕುಂಟುತ್ತ ಮನೆಗೇ ಬಂದಳು.

ಅತ್ತೆ ಇನ್ನೂ ಹೊರಟಿರಲಿಲ್ಲ. ಮಂಚದ ಪಕ್ಕ ಕಟ್ಟಿಟ್ಟ ಚೀಲ. ಗಂಡನ ಅಕ್ಕ ಲಕ್ಷ್ಮಿ ಮೂಗು ಮುಚ್ಚಿಕೊಂಡಳು. "ಅಯ್ಯ, ಎಂತ ನಾತ ಮಾರಾಯ್ತಿ!"

"ನೀ ಡ್ಯೂಟಿಗೆ ಹೋಗಿರ್ಲಿಲ್ವ?" ಎಂದ ವಿಶ್ವನಾಥ.

ಇನ್ನೇನು ಮುಚ್ಚಿಡುವುದು. "ಇಲ್ಲ. ಡ್ಯೂಟಿ ಎಂಟಕ್ಕೇ. ತಿಂಗಳಿಂದ ಹೊಳೆ ಹತ್ರ ಹೋಗಿ ಕೂತಿರ್ತೆ. ಅತ್ತೆಗೆ ಮೀಸೂಕೆ ಹೇಸಿಗೆ ಆಗ್ತಿತ್ತು, ಅದ್ಕೆ."

ಮಾತಾಡಿದ್ದು ಗಣಪಿ, ಒಂದೊಂದೇ ಶಬ್ದ ಎಳೆದೆಳೆದು. "ನಂಗೆ... ಗೊತ್ತಿತ್ತು. ದಿನಾ ಸಂಜಿಗೆ ಇವ್ಳ ಸೀರೆಲಿ ಹೊಳೆ ವಾಸ್ನೆ. ನಾ ಅದ್ಕೇ ಕಾಯ್ತಿದ್ದೆ."

"ಮತ್ತೆ ನಂಗೆ ಹೇಳ್ಲಿಲ್ವಲೆ ಆಯಿ?" ವಿಶ್ವನಾಥ ಕೇಳಿದ.

"ಹೇಳಿದ್ರೆ... ನೀ ಬೈತಿದ್ದೆ. ಇವ್ಳು ಹೋಗೂದು ಬಿಡ್ತಿದ್ದಳು."

ವಿನುತಾಳಿಗೆ ನಾಚಿಕೆಯಿಂದ ಕಣ್ಣು ತುಂಬಿತು. ತಾನು ಮೂಗು ಮುಚ್ಚಿಕೊಂಡು ಹತ್ತಿರ ಬರುತ್ತಿದ್ದಾಗ, ಈ ಮುದುಕಿ ಮೂಗರಳಿಸಿಕೊಂಡು ಕೂತಿರುತ್ತಿತ್ತು.

ಗಣಪಿಯ ಕಣ್ಣು ಅಷ್ಟರಲ್ಲಿ ಹಿಮ್ಮಡಿಯ ರಕ್ತದ ಮೇಲೆ ಬಿತ್ತು. "ಬಾ ಇಲ್ಲಿ. ಲಕ್ಷ್ಮಿ, ಕವಳ ಕೊಡೆ." ಅಗಿದ ಎಲೆಯಡಿಕೆ ಬೆಳಚು ಹೆಕ್ಕುವವರ ಹಳೆಯ ಔಷಧಿ. ವಿನುತಾ ಮಂಚದ ಅಂಚಿಗೆ ಕೂತಳು, ಹಾಸಿಗೆ ಒದ್ದೆಯಾಗಿತ್ತು. ಗಣಪಿ ಬಲಗೈಯಲ್ಲಿ ಸೊಸೆಯ ಪಾದ ಎಳೆದು ತೊಡೆಯ ಮೇಲಿಟ್ಟುಕೊಂಡಳು.

"ಅತ್ತೆ, ಕಾಲು! ನೀವು ಮುಟ್ಟೂದಾ!"

ಗಣಪಿ ಕೇಳಲಿಲ್ಲ. ಉಳಿದ ನಾಲ್ಕು ಹಲ್ಲಿನಲ್ಲಿ ಎಲೆ ಅಗಿದು ಅಗಿದು, ಸೊಟ್ಟ ಬಾಯಿಂದ ಜೊಲ್ಲು ಇಳಿಸುತ್ತ, ಆ ಕೆಂಪು ಮುದ್ದೆಯನ್ನು ಬೆರಳಿನಿಂದ ತೆಗೆದು ಗಾಯಕ್ಕೆ ಒತ್ತಿದಳು. ಬಿಸಿ ಎಂಜಲು. ಕಾಲು ಎಳೆದುಕೋ ಎಂದು ಮೈಯೆಲ್ಲ ಹೇಳಿತು. ಎಳೆದುಕೊಳ್ಳಲಿಲ್ಲ.

"ಲಕ್ಷ್ಮಕ್ಕ, ಆ ಚೀಲ ಬಿಚ್ಚಿ," ಎಂದಳು. "ಒಂದು ಸೀರೆ ತೆಗೀರಿ. ಅತ್ತೆಗೆ ನಾನೇ ಮೀಸ್ತೆ."

"ಹಂದಾಡ್ಬೇಡ," ಎಂದು ಗಣಪಿ ಗದರಿದಳು.

ವಿನುತಾ ಅಲ್ಲಾಡದೆ ಕೂತಳು. ಎಂಜಲು, ಕೆಸರು, ರಕ್ತ ಒಂದಾಗಿ ಹಿಮ್ಮಡಿಯಿಂದಿಳಿದು, ಬೆಳಿಗ್ಗೆಯಷ್ಟೇ ಫಿನೈಲು ಹಾಕಿ ಒರೆಸಿದ್ದ ನೆಲದ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು.