ದೌಲತ್ತಿನ ತೂಕ

ಕೇಳಿ ಸ್ವಾಮಿ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ. ಇಪ್ಪತ್ತು ಸಲ ಹೇಳಿದ್ದೇನೆ, ಇನ್ನೂ ಬಿದ್ದಿಲ್ಲ, ಅದೇ ಸಾಕ್ಷಿ.

ನಾನು ಮೂಟೆ ಹೊರುತ್ತಿದ್ದ ಗೋದಾಮಿಗೆ ಯಜಮಾನರ ಭಾವಮೈದ ಮ್ಯಾನೇಜರಾಗಿ ಬಂದ. ಕೆಲಸ ಬರುತ್ತಿರಲಿಲ್ಲ, ದೌಲತ್ತು ಬರುತ್ತಿತ್ತು. ಗತ್ತು ಬೇರೆ, ದೌಲತ್ತು ಬೇರೆ. ಗತ್ತಿನವರು ಒಬ್ಬರೇ ಕೂತಿದ್ದರೂ ಗತ್ತು ಜೊತೆಗಿರುತ್ತದೆ. ದೌಲತ್ತಿಗೆ ಎದುರಿಗೆ ಬೈಸಿಕೊಳ್ಳುವವರು ಬೇಕು, ಅವರು ತಿರುಗಿ ಮಾತಾಡಬಾರದು. ಈತ ಕುಡಿದ ಚಹಾ ಲೋಟ ಕೆಳಗಿಡಲೂ ಯಾರನ್ನಾದರೂ ಕೂಗುತ್ತಿದ್ದ. ಲೋಟ ಅವನ ಕೈಯಲ್ಲಿ, ಮೇಜು ಮೊಣಕೈ ಪಕ್ಕದಲ್ಲಿ.

ಡಾಕ್ಟರು ತೂಕ ಇಳಿಸಲು ಹೇಳಿದ್ದರಂತೆ. ದಿನಾ ಬೆಳಿಗ್ಗೆ ಮೂಟೆ ತೂಗುವ ಮೆಷಿನ್ ಮೇಲೆ ಹತ್ತಿ ನಿಂತೇ ನಮ್ಮನ್ನು ಬೈಯುತ್ತಿದ್ದ. ಮುಳ್ಳು ದಿನದಿಂದ ದಿನಕ್ಕೆ ಏರುತ್ತಿತ್ತು. ಆ ಮೆಷಿನ್ ನೋಡಿಕೊಳ್ಳುತ್ತಿದ್ದವಳು ತೂಕದಕ್ಕ. ಹತ್ತೊಂಬತ್ತು ವರ್ಷದ ಸರ್ವಿಸು, ಒಂದು ಗ್ರಾಂ ಆಚೀಚೆ ಇಲ್ಲ. ಒಂದು ಬೆಳಿಗ್ಗೆ ಮ್ಯಾನೇಜರು ಮೆಷಿನ್ ಮೇಲಿಂದಲೇ ಅವಳ ಮೇಲೆ ಹರಿಹಾಯ್ದ.

"ಏಯ್, ಮೆಷಿನ್ ಕೆಡಿಸಿಟ್ಟಿದ್ದೀಯ. ನಾಳೆ ಸೀಲು ಹಾಕೋ ಇನ್ಸ್‌ಪೆಕ್ಟರ್ ಬರ್ತಾರೆ. ತಪ್ಪು ಸಿಕ್ತೋ, ನೀನು ಮನೆಗೆ."

"ಸಿಗದಿದ್ರೆ ಸಾರ್?"

"ಎದುರು ಮಾತಾಡ್ತೀಯ?" ಮುಳ್ಳು ಇನ್ನೆರಡು ಕೆಜಿ ಮೇಲೆ ಹೋಯಿತು. ತೂಕದಕ್ಕ ಅದನ್ನೇ ನೋಡುತ್ತ ನಿಂತಳು.

ಮರುದಿನ ಇನ್ಸ್‌ಪೆಕ್ಟರ್ ಕಬ್ಬಿಣದ ತೂಕಗಳನ್ನಿಟ್ಟರು. ಐವತ್ತಕ್ಕೆ ಐವತ್ತು. ಮ್ಯಾನೇಜರು ಹತ್ತಿ, "ಏನ್ರೋ ನೋಡ್ತಿದ್ದೀರ, ದಂಡಪಿಂಡಗಳಾ" ಅಂದ. ಎಂಬತ್ತೇಳು.

"ನೋಡಿ, ನಾನು ಎಂಬತ್ತೇಳು ಕೆಜಿ ಕಾಣ್ತೀನಾ?"

ಕಾಣುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. ತೂಕದಕ್ಕ ನನ್ನ ಕಿವಿಯಲ್ಲಿ, "ಅಣ್ಣಾ, ಯಜಮಾನರನ್ನ ಕರ್ಕೊಂಡ್ಬಾ, ಬೇಗ" ಅಂದಳು.

ಯಜಮಾನರು ಬಾಗಿಲಲ್ಲಿ ಕಂಡದ್ದೇ ತಡ, ಮ್ಯಾನೇಜರು ನಿಂತಲ್ಲೇ ಮಡಚಿಕೊಂಡ. "ಬನ್ನಿ ಭಾವ, ಇಲ್ಲೆಲ್ಲ ಧೂಳು, ಕರ್ಚೀಫ್ ಹಾಸ್ಲಾ ಭಾವ?"

ಮುಳ್ಳು ಸರ್ರನೆ ಅರವತ್ತೊಂಬತ್ತಕ್ಕೆ ಇಳಿಯಿತು.

"ಹದಿನೆಂಟು ಕೆಜಿ ಎಲ್ಲಿ ಹೋಯ್ತಮ್ಮ?" ಇನ್ಸ್‌ಪೆಕ್ಟರ್ ಕೇಳಿದರು.

"ಅದು ದೌಲತ್ತು ಸಾರ್. ನಮ್ಮ ಮುಂದೆ ಮಾತ್ರ ತೂಗುತ್ತೆ."

ಯಜಮಾನರು ನಂಬಲಿಲ್ಲ. ಮೂಟೆಗಳ ಹಿಂದೆ ಹೋಗಿ ಬಗ್ಗಿ ಕೂತರು. ಮ್ಯಾನೇಜರು ತೂಕದಕ್ಕನ ಮೇಲೆ ಹಲ್ಲು ಕಡಿದ, ಎಂಬತ್ತೆಂಟು. ಯಜಮಾನರು ಇಣುಕಿದರು, ಅರವತ್ತೊಂಬತ್ತು. ಐವತ್ತೆಂಟು ವರ್ಷದ ಮನುಷ್ಯ ನಾಲ್ಕು ಸಲ ಬಗ್ಗಿ, ನಾಲ್ಕು ಸಲ ಎದ್ದರು. ಕೊನೆಯ ಎರಡು ಸಲ ಬರೀ ಖುಷಿಗೆ.

ಇನ್ಸ್‌ಪೆಕ್ಟರ್ ಬರೆದರು: ಮೆಷಿನ್ ಸರಿಯಿದೆ, ಹತ್ತಿದವರು ಸರಿಯಿಲ್ಲ. ಸೀಲು ಬಿತ್ತು.

"ನೀನು ನಿನ್ನ ಜಾಗದಲ್ಲೇ ಇರಮ್ಮ" ಎಂದು ತೂಕದಕ್ಕನಿಗೆ ಹೇಳಿದ ಯಜಮಾನರು ಭಾವಮೈದನ ಕಡೆ ತಿರುಗಿದರು. "ನೀನು ಹಿಂದಿನ ರೂಮಲ್ಲಿ ಕೂತ್ಕೋ. ಒಬ್ಬನೇ."

ಬೈಯಲು ಜನ ಇಲ್ಲ. ಮೊದಲ ದಿನ ಕುರ್ಚಿಗೆ ಬೈದನಂತೆ, ಅದು ಹೆದರಲಿಲ್ಲ. ಎರಡನೇ ದಿನಕ್ಕೆ ಅಂಗಿ ಗೂಟಕ್ಕೆ ನೇತುಹಾಕಿದ ಹಾಗಾಯಿತು. ನಾಲ್ಕನೇ ದಿನ ಮಧ್ಯಾಹ್ನ ಸೆಕೆ ಅಂತ ಫ್ಯಾನು ಹಾಕಿದ. ನಾನು ಕಣ್ಣಾರೆ ನೋಡಿದೆ, ಮೊದಲು ಕುರ್ಚಿಯಿಂದ ಒಂದು ಗೇಣು ಮೇಲೆದ್ದ, ಆಮೇಲೆ ಎರಡು ಗೇಣು, ಆಮೇಲೆ ಮೆಲ್ಲಗೆ ಕಿಟಕಿ ಕಡೆ... ಅರೆ, ಸ್ವಾಮಿ, ಚಪ್ಪಲಿ ಹಾಕ್ಕೊಂಡ್ರಾ? ಕಥೆ ಮುಗಿಯೋಕೆ ಮುಂಚೆ ಹೊರಟೇಬಿಟ್ರಾ? ಕಿಟಕಿ ತೆಗೆದಿತ್ತು ಅನ್ನೋದನ್ನ ಇನ್ನೂ ಹೇಳೇ ಇಲ್ಲ, ಸ್ವಾಮಿ, ಆ ಕಿಟಕಿಯಿಂದ...